ಬೆಳಕಿಗೆ ಹಿಡಿದ ಹಾಳೆ

ಕಾಕಾನ ಬಲಗೈ ಹೆಬ್ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹಾಳೆ ತಪಾಸಣೆ ಮಾಡಿದ ಬೆರಳು ಅದು. ಯಾವ ಕಾಗದ ಕೈಗೆ ಬಂದರೂ, ಮದುವೆಯ ಕಾರ್ಡಾದರೂ ಸರಿ, ಮೊದಲು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಓದುವುದು ಆಮೇಲೆ.

ಅವರು ನಮಗೆ ಸಂಬಂಧಿಕರಲ್ಲ, ಕ್ವಾರ್ಟರ್ಸಿನ ಪಕ್ಕದ ಮನೆಯವರು. ತಪಾಸಣೆಯಲ್ಲಿ ತಿರಸ್ಕೃತವಾದ ಹಾಳೆಗಳನ್ನು ಕೊಂಡು ತಂದು, ಹೊಲಿದು ನನಗೆ ವಹಿ ಮಾಡಿಕೊಡುತ್ತಿದ್ದರು. “ರಿಜೆಕ್ಟ್ ಮಾಲು ಅಂತ ಮಾರಿ ಸಣ್ಣದು ಮಾಡಬ್ಯಾಡ ಮಗಳ, ಬರಿಯಾಕ ಏನೂ ಆಗೂದಿಲ್ಲ.” ನನ್ನ ದಿನಚರಿ ಇಂದಿಗೂ ಅಂಥ ವಹಿಯಲ್ಲೇ ಇದೆ.

ನಿವೃತ್ತರಾದ ಮರುವರ್ಷ ಹುಬ್ಬಳ್ಳಿಯಲ್ಲಿ ಅವರ ಹೃದಯದ ಆಪರೇಷನ್ ಆಯಿತು. ಮನೆಗೆ ಬಂದ ದಿನ ಕೋಣೆ ತುಂಬ ಜನ. ಕೆಮ್ಮು ಬಂದಾಗೆಲ್ಲ ಕಾಕಾ ಹೊಲಿಗೆ ನೋಯದಂತೆ ದಿಂಬನ್ನು ಎದೆಗೆ ಅವುಚಿಕೊಳ್ಳುತ್ತಿದ್ದರು. ಸಾಂಬ್ರಾಣಿ ಊರಿನಿಂದ ಬಂದ ಅವರ ಭಾವಮೈದುನ ನಗಿಸಲು ನೋಡಿದ: “ಮಾವಾರ, ಗೋಣಿಚೀಲಾ ಹೊಲದಂಗ ಹೊಲದಾರ. ಇನ್ನ ನೂರು ವರ್ಷ ಗ್ಯಾರಂಟಿ!” ಎಲ್ಲರೂ ನಕ್ಕರು. ಕಾಕಾನ ಕಣ್ಣಲ್ಲಿ ನೀರು ಬಂತು. “ಮಂದಿ ಮುಂದ ಏನಿದು, ಸಣ್ಣ ಹುಡುಗರಂಗ?” ಎಂದು ಅವರ ಹೆಂಡತಿ ಕಾಕು ಗದರಿ, ಆಸ್ಪತ್ರೆಯ ಚೀಟಿಯನ್ನು ನನ್ನ ಕೈಗಿಟ್ಟರು. “ನೀ ಕಲತಾಕಿ, ಏನ ಬರದಾರ ಓದಿ ಹೇಳವಾ.”

ಚೀಟಿ ಇಂಗ್ಲಿಷಿನಲ್ಲಿತ್ತು. ಗುಳಿಗೆ, ಪಥ್ಯ, ದಿನವೂ ಎಷ್ಟು ದೂರ ನಡೆಯಬೇಕೆಂಬುದು, ಎಲ್ಲ ಹೇಳಿದೆ. ಕೊನೆಯ ಸಾಲು: ರೋಗಿ ಅಳುತ್ತಾರೆ, ನಿದ್ರಿಸುವುದಿಲ್ಲ, ಮನೋವೈದ್ಯರಿಗೆ ತೋರಿಸಿ. ಅಷ್ಟು ಜನರೆದುರು ಅದನ್ನು ಓದಿದರೆ ಸಂಜೆಯೊಳಗೆ ಕ್ವಾರ್ಟರ್ಸೆಲ್ಲ ಕಾಕಾನಿಗೆ ತಲೆ ಕೆಟ್ಟಿದೆ ಎನ್ನುತ್ತದೆ ಎಂದು ಹೆದರಿ ಬಿಟ್ಟುಬಿಟ್ಟೆ.

“ಅಷ್ಟ ಏನ ಮಗಳ?” ಎಂದರು ಕಾಕಾ.

“ಅಷ್ಟ ರೀ ಕಾಕಾ. ಧೈರ್ಯಾ ತಗೋರಿ.”

ಅವರು ನಿಜವಾಗಿ ಹಾಗೆ ಕೇಳಿದರೋ, ಆಮೇಲೆ ನಾನೇ ಕಟ್ಟಿಕೊಂಡೆನೋ, ಈಗ ಹೇಳಲಾರೆ. ಸಾಲನ್ನು ಬಿಟ್ಟದ್ದು ಮಾತ್ರ ನಿಜ. ಕಾಕುಗೆ ಒಬ್ಬರಿಗೇ ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಲ್ಕು ದಿನ ಕಳೆದ ಮೇಲೆ, ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನನ್ನಲಿ ಎಂಬ ನಾಚಿಕೆಯೂ ಸೇರಿಕೊಂಡಿತು.

ಒಂದು ಬೆಳಗ್ಗೆ ಹೋದಾಗ ಎದೆಯ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನಿಂತಿದ್ದರು. ಎಲುಬಿನ ನಡುವೆ ತಂತಿಯ ಕುಣಿಕೆಗಳು ಬೆಳ್ಳಗೆ ಕಾಣುತ್ತಿದ್ದವು.

“ನೋಡಿಲ್ಲೆ, ತಂತಿ ಹಾಕಿ ಕಟ್ಟ್ಯಾರ. ನಾ ಆಗಿದ್ರ ಇದನ್ನ ಪಾಸ್ ಮಾಡ್ತಿರಲಿಲ್ಲ.” ಹೆಬ್ಬೆರಳಿನಿಂದ ಆ ಕುಣಿಕೆಗಳನ್ನು ಸವರುತ್ತ ಹೇಳಿದರು: “ದವಾಖಾನ್ಯಾಗ ಎಚ್ಚರಾದಾಗ ಬಾಯಾಗ ನಳಿಗಿ, ಕೈ ಕಟ್ಟಿದ್ರು. ಸತ್ತೇನೋ ಇದ್ದೇನೋ ಕೇಳಾಕ ಬಾಯಿ ಇರಲಿಲ್ಲ. ಕಣ್ಣ ಮುಚ್ಚಿದ್ರ ಇನ್ನೂ ಅಲ್ಲೇ ಇರ್ತೇನಿ ಮಗಳ.”

“ಅದನ್ನೆಲ್ಲಾ ನೆನಸಬ್ಯಾಡ್ರಿ ಕಾಕಾ,” ಎಂದೆ. ಅವರು ಎಕ್ಸ್‌ರೇಯನ್ನು ಲಕೋಟೆಗೆ ಹಾಕಿದರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಮೊದಲು ನಡೆಯುವುದು ನಿಂತಿತು, ಆಮೇಲೆ ಊಟ. ನಾಲ್ಕನೆಯ ತಿಂಗಳು ಹೋಗಿಬಿಟ್ಟರು. ದಿಂಬಿನ ಗಲೀಫು ಒಗೆಯಲು ಕಾಕು ಕೊಡವಿದಾಗ ವಾರಗಟ್ಟಲೆಯ ಗುಳಿಗೆಗಳು ನೆಲಕ್ಕೆ ಬಿದ್ದವು. “ನುಂಗೇನಿ ಅಂತಿದ್ರಲ್ಲವಾ,” ಎಂದು ಕಾಕು ನನ್ನ ಮುಖ ನೋಡಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೇಳಿದ್ದರೆ ಉಳಿಯುತ್ತಿದ್ದರೇ? ಗೊತ್ತಿಲ್ಲ. ಚೀಟಿ ಓದಿದ ದಿನದ ಪುಟವನ್ನು ಮೊನ್ನೆ ತೆರೆದೆ. ಅವರೇ ಹೊಲಿದುಕೊಟ್ಟ ವಹಿ. ಅದರಲ್ಲಿರುವುದು ನನ್ನ ಅಕ್ಷರದ ಒಂದೇ ಸಾಲು: ಕಾಕಾ ಮನೆಗೆ ಬಂದರು, ಆರಾಮಾಗಿದ್ದಾರೆ.