ಬೋರವ್ವನ ಹೂಂ

ಕಥೆ ಹೇಳುವವರು ಎಷ್ಟೇ ಜಾಣರಿರಲಿ, ಹೂಂ ಅನ್ನುವವರಿಲ್ಲದಿದ್ದರೆ ಗೋಡೆಗೆ ಹೇಳಿದಂತೆ. ಇಳಕಲ್ಲಿನ ನೇಕಾರರ ಓಣಿಯ ಕಾಸಿಂಬಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಗಲು ಕಥೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರಂತೆ. ಅದಕ್ಕೆ ದೀಪ ಹಚ್ಚಿದ ಮೇಲೆಯೇ ಅವಳು ರಾಟಿಯಲ್ಲಿ ನೂಲು ಸುತ್ತುತ್ತ ಶುರುಮಾಡುತ್ತಿದ್ದಳು. ಎಲ್ಲ ಅಳಿಸುವ ಕಥೆಗಳೇ. ನಗುವಂಥದ್ದು ಹೇಳೆಂದರೆ, "ನಗಾಕ ಮನ್ಯಾಗ ನನ್ನ ಗಂಡ ಅದಾನ ತಗೋ" ಎನ್ನುತ್ತಿದ್ದಳು. ಹೂಂಗುಡುವ ಕೆಲಸ ಪಕ್ಕದ ಮನೆಯ ಬೋರವ್ವನದು. ಹಸುಗೂಸು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಹೂಂ ಅಂದರೇನೇ ಕಥೆ ಮುಂದಕ್ಕೆ ಹೋಗುವುದು. ಮುದುಕಿಯಾದ ಮೇಲೂ ಕಾಸಿಂಬಿ ಆ ಹೂಂ ನೆನೆದು ರಾಟಿ ನಿಲ್ಲಿಸಿಬಿಡುತ್ತಿದ್ದಳು.

ಕೂಸು ಇನ್ನೂ ತೊಡೆಯ ಮೇಲಿದ್ದ ವರ್ಷವೇ ಊರಿಗೆ ಪ್ಲೇಗು ಬಂತು. ಇಲಿ ಸತ್ತು ಬಿದ್ದದ್ದೇ ತಡ, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಅಲ್ಲಿಯೇ ಬೋರವ್ವನ ಕೂಸು ತೀರಿಕೊಂಡಿತು. ಬೋರವ್ವ ಅಳಲಿಲ್ಲ, ಉಣ್ಣಲೂ ಇಲ್ಲ. ಅತ್ತೆ ರಾಮವ್ವ ತಂದಿಟ್ಟ ರೊಟ್ಟಿ ಒಣಗಿ ನಾಯಿಗೆ ಹೋಗುತ್ತಿತ್ತು. ಹೀಗೇ ಬಿಟ್ಟರೆ ಮಗಳ ಹಿಂದೆ ತಾಯಿಯೂ ಹೋಗುತ್ತಾಳೆಂದು ಎಲ್ಲರಿಗೂ ಕಾಣುತ್ತಿತ್ತು.

"ಕಾಸಿಂಬಿ, ಒಂದು ಕಥಿ ಹೇಳವಾ. ಆದರ ಅದರಾಗ ಸಾವು ತರಬ್ಯಾಡ, ಕೈ ಮುಗಿತೇನಿ" ಎಂದಳು ರಾಮವ್ವ.

ಸಂಜೆ ಗುಡಿಸಲ ಮುಂದೆ ಕಾಸಿಂಬಿ ಶುರುಮಾಡಿದಳು. ಸಾವಿಲ್ಲದ ಕಥೆ ಅವಳಲ್ಲಿರಲಿಲ್ಲ; ಬಾಯಿಗೆ ಬಂದದ್ದು ಬೋರವ್ವನಿಗೂ ಬಾಯಿಪಾಠವಾದ ಕಥೆ. ಹೊಳೆ ಪಾಲಾದ ಮಗಳನ್ನು ಹುಡುಕುತ್ತ ತಾಯಿಯೊಬ್ಬಳು ದಂಡೆಗುಂಟ ನಡೆಯುತ್ತಾಳೆ. ಕೊನೆಗೆ ಸಿಗುವುದು ಮುಳ್ಳುಕಂಟಿಗೆ ಸಿಕ್ಕಿಕೊಂಡ ಮಗಳ ಕುಂಚಿಗೆಯಷ್ಟೇ. ಮರಳಿ ಬರುವಾಗ ಚಳಿಗೆ ನಡುಗುವ ಯಾರದೋ ಕೂಸಿನ ತಲೆಗೆ ಅದನ್ನು ಕಟ್ಟಿ ಬರುತ್ತಾಳೆ. ಅಂದು ಕುಂಚಿಗೆಯ ಹತ್ತಿರ ಬಂದಾಗ ಕಾಸಿಂಬಿ ಕಥೆ ತಿರುಗಿಸಿದಳು. "ಮಗಳು ನಕ್ಕೋತ ನೀರಿನಿಂದ ಎದ್ದು ಬಂದ್ಲು" ಎಂದುಬಿಟ್ಟಳು.

ಹೂಂ ಬರಲಿಲ್ಲ.

"ನನ್ನ ಸಲುವಾಗಿ ಕಥಿ ಕೆಡಿಸಬ್ಯಾಡ ಅಕ್ಕಾ" ಎಂದಳು ಬೋರವ್ವ. "ಆಕಿ ಮಗಳು ಎದ್ದು ಬಂದ್ಲಂದ್ರ ನನ್ನಾಕಿ ಯಾಕ ಬರಲಿಲ್ಲ? ಖರೆ ಇದ್ದಂಗ ಹೇಳು."

ರಾಮವ್ವ ಕಣ್ಣಲ್ಲೇ ಬೇಡವೆಂದಳು. ಕಾಸಿಂಬಿ ಹೆದರುತ್ತಲೇ ಮೊದಲಿನಿಂದ ಹೇಳಿದಳು. ಹೂಂ ಬಂತು, ತೆಳ್ಳಗೆ. ಮುಳ್ಳುಕಂಟಿ ಬಂದಾಗ ಬೋರವ್ವ ನೆಲಕ್ಕೆ ಬಿದ್ದು, ಹೊಟ್ಟೆಯೊಳಗಿನದೆಲ್ಲ ಹೊರಬೀಳುವಂತೆ ಅತ್ತಳು. ಕಾಸಿಂಬಿಯೂ ಅಳುತ್ತಲೇ ಕಥೆ ಮುಗಿಸಿದಳು. ಬೋರವ್ವ ಕಣ್ಣೊರೆಸಿಕೊಂಡು ಕೇಳಿದಳು:

"ಆಮ್ಯಾಲೆ ಆ ತಾಯಿ ಉಂಡ್ಳೇನು?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಮಾತು. ಕಥೆಯಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ.

"ಉಂಡ್ಳವಾ" ಎಂದಳು ಕಾಸಿಂಬಿ. "ಅಳಕೋತನ ಉಂಡ್ಳು."

"ಹೂಂ" ಎಂದಳು ಬೋರವ್ವ. ಆಮೇಲೆ ಅತ್ತೆಯ ಕಡೆ ಕೈಚಾಚಿದಳು. "ರೊಟ್ಟಿ ಕೊಡ್ರಿ ಅತ್ತಿ."

ಮುಂದೆ ಊರು ಮತ್ತೆ ತುಂಬಿತು, ಬೋರವ್ವನ ಮಡಿಲೂ ತುಂಬಿತು. ವಯಸ್ಸಾಗಿ ಒಂದು ದಿನ ಅವಳೂ ಹೋದಳು. ಮೊಮ್ಮಕ್ಕಳಿಗೆ ಆ ಕಥೆ ಹೇಳುವಾಗ, ತಾಯಿ ಉಂಡಳೆಂದು ಹೇಳದೆ ಕಾಸಿಂಬಿ ಎಂದೂ ರಾಟಿ ಎತ್ತಿಡಲಿಲ್ಲ. ಮಕ್ಕಳೆಲ್ಲ ಒಟ್ಟಿಗೆ ಹೂಂ ಅಂದರೂ, ಪಕ್ಕದ ಖಾಲಿ ಜಾಗದ ಕಡೆ ಕಿವಿಗೊಟ್ಟು ಇನ್ನೊಂದು ಗಳಿಗೆ ಕುಳಿತಿರುತ್ತಿದ್ದಳು.