‘ಏನೂ ಆಗಿಲ್ಲ’ ಅಂದವಳ ಕುತ್ತಿಗೆ

ಗೋಡೆಗೆ ಬಣ್ಣ ಹೊಡೆಯುವವರು ಬೀದಿಗೊಬ್ಬರು ಸಿಗುತ್ತಾರೆ. ಸೀಲಿಂಗಿಗೆ ಹೊಡೆಯುವವರು ಸಿಗುವುದು ಕಷ್ಟ. ಅದಕ್ಕೆ ಕೈಯೊಂದೇ ಸಾಲದು, ಕುತ್ತಿಗೆ ಬೇಕು. ಇಡೀ ದಿನ ಏಣಿಯ ಮೇಲೆ ನಿಂತು, ತಲೆ ಹಿಂದಕ್ಕೆ ಚೆಲ್ಲಿ, ಕಣ್ಣಿಗೆ ಬಿದ್ದ ಹನಿ ತೋಳಿನಲ್ಲಿ ಒರೆಸಿಕೊಳ್ಳುತ್ತಾ ಮೇಲೇ ನೋಡುತ್ತಿರಬೇಕು. ಸಂಜೆ ಇಳಿದು ಊಟಕ್ಕೆ ಕೂತರೆ ತಟ್ಟೆ ನೋಡಲು ತಲೆ ಬಗ್ಗುವುದಿಲ್ಲ. ಎರಡು ಮನೆ ಮಾಡಿ ಗಂಡಸರು ಕೈಮುಗಿದು ಬಿಟ್ಟುಹೋದ ಆ ಕೆಲಸವನ್ನು ಅವಳು ಹರೆಯದಿಂದ ತಲೆ ನರೆಯುವತನಕ ಮಾಡಿದಳು. ಹೆತ್ತವರು ಇಟ್ಟ ಹೆಸರು ಓಟಿನ ಚೀಟಿಯಲ್ಲಿ ಉಳಿದಿತ್ತು, ಊರ ಬಾಯಲ್ಲಿ ಅವಳು ಸೀಲಿಂಗಕ್ಕ.

ಬಣ್ಣ ಹೊಡೆಯುವವಳಾದರೂ ಬಣ್ಣದ ಮಾತು ಬಾರದು. ಮನೆ ಯಜಮಾನ, “ಅಕ್ಕಾ, ಈ ಗೋಡೆಗೊಂದು ಒಳ್ಳೆ ನೀಲಿ ಬರ್ಲಿ” ಅಂದರೆ ಅವಳು ಗೋಡೆಗೆ ಅಂಗೈ ಒತ್ತಿ ನೋಡುವಳು.

“ಮೊದ್ಲು ಒಳಗಿನ ಪೈಪು ರಿಪೇರಿ ಮಾಡ್ಸಿ ಸ್ವಾಮಿ. ಒದ್ದೆ ಗೋಡೆಗೆ ಬಣ್ಣ ಹೊಡೆಯೋದೂ ಒಂದೇ, ಜ್ವರ ಬಂದೋನಿಗೆ ಪೌಡರ್ ಹಚ್ಚೋದೂ ಒಂದೇ.”

ಹೀಗೆ ಹೇಳಿ ಕಳೆದುಕೊಂಡ ಕೆಲಸಗಳು ಎಷ್ಟೋ. ಅವಳ ಗಂಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವ ಮೆದು ಮನುಷ್ಯ. “ನಿನ್ನ ಬಾಯಿಗೂ ಒಂದು ಕೋಟ್ ಪ್ರೈಮರ್ ಹೊಡ್ಕೋಬಾರ್ದೇನೇ” ಎಂದು ಕೇಳಿ ಬೈಸಿಕೊಳ್ಳುತ್ತಿದ್ದ.

ದುಡಿದ ದುಡ್ಡಲ್ಲಿ ಅವಳು ಒಂದು ಹಳೆಯ ಕಾರು ಕೊಂಡಳು. ಹಿಂದಿನ ಸೀಟು ಕಿತ್ತೆಸೆದು ಬಕೆಟ್, ರೋಲರ್, ಪುಟ್ಟಿ ಚೀಲ ತುಂಬಲು ಜಾಗ ಮಾಡಿದಳು. ಏಣಿ ಕಾರಿನ ನೆತ್ತಿಯ ಮೇಲೆ. ಅತ್ತೆ ಅದಕ್ಕೆ ಡಬ್ಬ ಎಂದು ಹೆಸರಿಟ್ಟರೂ, ಸೊಸೆ ಅದನ್ನು ತಾನೇ ಓಡಿಸಿಕೊಂಡು ಬೀದಿಗೆ ಬಂದಾಗ ಕೆಲಸವಿಲ್ಲದಿದ್ದರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಆ ಡಬ್ಬ ಒಂದು ಬೆಳಿಗ್ಗೆ ಕೆಂಪು ದೀಪಕ್ಕೆ ನಿಂತಿತ್ತು. ಹಿಂದಿನಿಂದ ಬಂದ ದೊಡ್ಡ ಕಾರು ನಿಲ್ಲಲಿಲ್ಲ. ಧಡ್ ಎಂದು ಗುದ್ದಿತು. ಅವಳ ತಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು, ಒದ್ದೆ ಬಟ್ಟೆ ಒದರಿದ ಹಾಗೆ. ಬಿಳಿ ಬಣ್ಣದ ಬಕೆಟ್ ಮಗುಚಿ ಸೀಟು, ಸೀರೆ, ಗಾಜು ಎಲ್ಲ ಬೆಳ್ಳಗಾಯಿತು. ಬಾಗಿಲು ತಳ್ಳಿ ಇಳಿದಳು. ಗುದ್ದಿದವನಿಗೆ ನಾಲ್ಕು ಬಿಡಬೇಕು ಎಂದೇ ಇಳಿದದ್ದು. ನೋಡಿದರೆ ಹಿಂದಿನ ಕಾರಿನಿಂದ ಇಳಿದವನು ವಯಸ್ಸಾದ ಯಜಮಾನ. ಮುಖದಲ್ಲಿ ರಕ್ತದ ಕಳೆಯಿಲ್ಲ, ಕೈಗಳು ಗಡಗಡ ನಡುಗುತ್ತಿವೆ. ಬಿಳಿ ಬಳಿದುಕೊಂಡು ಬಂದ ಇವಳನ್ನು ಕಂಡು ದೆವ್ವ ಕಂಡವನ ಹಾಗೆ ರಸ್ತೆಯಂಚಿನಲ್ಲಿ ಕುಸಿದು ಕೂತ. ಈಗಲೋ ಆಗಲೋ ಎದೆ ನಿಂತುಹೋಗುತ್ತದೆ ಅನ್ನಿಸಿತು ಅವಳಿಗೆ. ಬಾಯಿಗೆ ಬಂದಿದ್ದ ಬೈಗುಳ ನುಂಗಿಕೊಂಡು ಅವನ ಹೆಗಲ ಮೇಲೆ ಕೈಯಿಟ್ಟಳು.

“ಏನೂ ಆಗಿಲ್ಲ, ಏನೂ ಆಗಿಲ್ಲ ಯಜಮಾನ್ರೇ. ಉಸಿರು ಬಿಡಿ. ಏನೂ ಆಗಿಲ್ಲ.”

ಸಹಾಯಕ್ಕೆ ಬಾರದವರೂ ಮೊಬೈಲ್ ಹಿಡಿದು ಬರುತ್ತಾರಲ್ಲ, ಅಂಥ ಒಬ್ಬ ಪುಣ್ಯಾತ್ಮ ಇದಿಷ್ಟನ್ನೂ ವಿಡಿಯೋ ಮಾಡಿದ.

ಮಾರನೇ ದಿನ ಅವಳಿಗೆ ದಿಂಬಿನಿಂದ ತಲೆ ಎತ್ತಲು ಆಗಲಿಲ್ಲ. ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಬೆರಳಿಗೆ ಮಿಂಚು ಹರಿಯುತ್ತಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಕುತ್ತಿಗೆಗೆ ಪಟ್ಟಿ ಕಟ್ಟಿದರು. ತಿಂಗಳುಗಳಾದ ಮೇಲೆ ನೋವು ಇಳಿಯಿತು, ತಲೆ ಅಕ್ಕಪಕ್ಕ ತಿರುಗಿತು. ಹಿಂದಕ್ಕೆ ಮಾತ್ರ ಬಾಗಲಿಲ್ಲ. ವೈದ್ಯರು ಸುತ್ತಿ ಬಳಸದೆ ಹೇಳಿದರು: “ಇನ್ಮೇಲೆ ಮೇಲೆ ನೋಡೋ ಕೆಲಸ ಆಗಲ್ಲಮ್ಮ.”

ತಲೆ ಎತ್ತಿ ಬದುಕಿದವಳು ಎಂಬ ಮಾತು ಬಾಯಿಮಾತಿಗೆ ಎಲ್ಲರಿಗೂ ಸಲ್ಲುತ್ತದೆ. ಅವಳು ಅಕ್ಷರಶಃ ತಲೆ ಎತ್ತಿಯೇ ಬದುಕಿದವಳು. ಆ ಒಂದು ಚಲನೆಯೇ ಹೋಗಿತ್ತು. ಹಿಡಿದಿದ್ದ ಕೆಲಸ ಬಿಡಲು ಮನಸ್ಸಾಗದೆ ಜೊತೆಯವರಿಂದ ಸೀಲಿಂಗ್ ಮಾಡಿಸಿ, ತಾನು ನೆಲದ ಮೇಲೆ ಹಳೇ ಪೇಪರ್ ಹಾಸಿ ಅಂಗಾತ ಮಲಗಿ ನೋಡುತ್ತಿದ್ದಳು. ಮಲಗಿದಲ್ಲಿಂದಲೇ, “ಆ ಮೂಲೆ ಯಾರಪ್ಪ ನೆಕ್ಕಿದ್ದು? ಇನ್ನೊಂದು ಕೈ ಹೊಡಿ” ಎಂದು ಗದರುವಳು. ಆದರೆ ಏಣಿ ಹತ್ತುವವಳ ಕೂಲಿ ಮಲಗಿ ನೋಡುವವಳಿಗೆ ಯಾರು ಕೊಡುತ್ತಾರೆ?

ಪರಿಹಾರ ಕೇಳಿದಾಗ ಗುದ್ದಿದ ಕಾರಿನ ವಿಮಾ ಕಂಪನಿಯವರು ಕಾರಿನ ಹಿಂಭಾಗ ತಟ್ಟಿಸಿಕೊಡಲು ಒಪ್ಪಿದರು. ಕುತ್ತಿಗೆಗೆ ಕವಡೆ ಕಾಸಿಲ್ಲ. ಯಾಕೆಂದರೆ ವಿಡಿಯೋ ಅವರ ಕೈ ಸೇರಿತ್ತು. ‘ಸ್ಥಳದಲ್ಲೇ ಏನೂ ಆಗಿಲ್ಲ ಎಂದು ಪದೇ ಪದೇ ಒಪ್ಪಿಕೊಂಡ ಅರ್ಜಿದಾರರು ಹಣದಾಸೆಗೆ ನೋವಿನ ನಟನೆ ಮಾಡುತ್ತಿದ್ದಾರೆ’ ಎಂದು ಕಾಗದ ಬಂತು.

ಗಂಡ ಅದನ್ನು ಓದಿ ಹೇಳಿ, “ಕೊಟ್ಟಷ್ಟು ಇಸ್ಕೊಂಡು ಸುಮ್ನಿರೋಣ ಕಣೇ. ಕೋರ್ಟಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತಾರೆ” ಅಂದ.

“ನಟನೆ ಅಂದ್ರಲ್ಲ.”

“ಅಂದ್ರೆ ಅನ್ಲಿ ಬಿಡು.”

“ಕೆಲ್ಸ ಹೋಯ್ತು, ತಡ್ಕೊಂಡೆ. ಸುಳ್ಳಿ ಅನ್ನಿಸ್ಕೊಂಡು ಇರಕ್ಕಾಗಲ್ಲ.”

ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಮಗನ ಕಡೆ ನೋಡದೆಯೇ ಹೇಳಿದಳು: “ನೀನು ಸುಮ್ನಿರೋ. ಹುಟ್ಟಿದಾಗಿಂದ ಸುಮ್ನಿದ್ದು ಏನು ಕಡಿದು ಕಟ್ಟೆ ಹಾಕ್ದೆ? ಅವಳು ಹೋಗ್ಲಿ.”

ಅವಳು ಕೇಸು ಹಾಕಿದಳು. ಗೆದ್ದರೆ ಕುತ್ತಿಗೆ ಕೆಟ್ಟದ್ದು ನಿಜವೆಂದು ನ್ಯಾಯಾಲಯದ ಬಾಯಲ್ಲೇ ಬರುತ್ತದೆ. ಸೋತರೆ ನಟನೆಯೆಂಬ ಮಾತು ಮೊಹರು ಒತ್ತಿಸಿಕೊಂಡು ಊರೆಲ್ಲ ಓಡಾಡುತ್ತದೆ.

ಅವಳ ವಕೀಲಮ್ಮ ಚಿಕ್ಕ ವಯಸ್ಸಿನವಳು. ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಮೇಜು, ಕಾಲು ಅಲ್ಲಾಡುವ ಎರಡು ಕುರ್ಚಿ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೋಸವಿಲ್ಲ. ಸಾಕ್ಷಿ ಹೇಳುವ ಹಿಂದಿನ ದಿನ ಕೂರಿಸಿಕೊಂಡು ಪಾಠ ಹೇಳಿದಳು.

“ಅಕ್ಕಾ, ವಿಡಿಯೋ ಹಾಕಿಯೇ ಹಾಕ್ತಾರೆ. ನೀವು ಒಂದೇ ಮಾತು ಹೇಳಿ. ಗುದ್ದಿದ ಹೊಡೆತಕ್ಕೆ ತಲೆ ಗಿರ್ರಂತ ತಿರುಗ್ತಿತ್ತು, ಬಾಯಿಂದ ಏನು ಬಂತೋ ಗೊತ್ತಿಲ್ಲ. ಅಷ್ಟೇ. ಕೇಸು ನಮ್ಮದು.”

“ತಲೆ ತಿರುಗ್ತಿರ್ಲಿಲ್ವಲ್ಲಮ್ಮ.”

“ಸ್ವಲ್ಪ ತಿರುಗಿರುತ್ತೆ.”

“ಇಲ್ಲ. ಬಯ್ಯಕ್ಕೆ ಅಂತಲೇ ಇಳಿದಿದ್ದು. ಆ ಮನುಷ್ಯನ ಸ್ಥಿತಿ ನೋಡಿ ಬಿಟ್ಟೆ.”

ವಕೀಲಮ್ಮ ಪೆನ್ನು ಮೇಜಿನ ಮೇಲಿಟ್ಟಳು. “ಅಕ್ಕಾ, ನಿಮ್ಮ ಕುತ್ತಿಗೆ ಕೆಟ್ಟಿರೋದು ಸತ್ಯ. ಆ ಸತ್ಯ ಉಳಿಸ್ಕೊಳ್ಳಕ್ಕೆ ಸಾಸಿವೆಕಾಳಷ್ಟು...”

“ನೋಡೋಣ ಬಿಡು ತಾಯಿ” ಎಂದು ಸೀಲಿಂಗಕ್ಕ ಎದ್ದಳು. ನೋಡೋಣ ಎಂದರೆ ಮಾಡುವುದಿಲ್ಲ ಎಂದೇ ಅರ್ಥ ಎಂದು ವಕೀಲಮ್ಮನಿಗೆ ಗೊತ್ತಾಗಲಿಲ್ಲ.

ನ್ಯಾಯಾಲಯದ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಸೀಲಿಂಗಿನ ಬಣ್ಣ ಹೇಗಿದೆಯೋ ನೋಡೋಣವೆಂದರೆ ಅವಳ ತಲೆ ಏಳದು. ಪೀಠದಲ್ಲಿದ್ದದ್ದು ವಯಸ್ಸಾದ ಹೆಂಗಸು, ಮೂಗಿನ ತುದಿಗೆ ಕನ್ನಡಕ. ಹಿಂದಿನ ಬೆಂಚಿನಲ್ಲಿ ಆ ಯಜಮಾನ ಕೂತಿದ್ದ, ಒಗೆದು ಇಸ್ತ್ರಿ ಮಾಡಿದ ಅಂಗಿ, ನೆಲದ ಮೇಲೆ ಕಣ್ಣು. ಅವನ ಪಕ್ಕದ ಬೆಂಚಿನಲ್ಲೇ ಅತ್ತೆ, ಯಾರು ಬೇಡವೆಂದರೂ ಕೇಳದೆ ಬಂದವಳು.

ಕಂಪನಿಯ ವಕೀಲ ವಿಡಿಯೋ ಹಾಕಿದ. ಮೂರು ಸಲ ಅವಳ ದನಿ ಕೋಣೆಯಲ್ಲಿ ಮೊಳಗಿತು.

“ಇದು ನೀವೇ ತಾನೇ?”

“ನಾನೇ.”

“ಏನಂದ್ರಿ?”

“ಏನೂ ಆಗಿಲ್ಲ ಅಂದೆ.”

“ಅಂದ್ರೆ ನಿಮಗೆ ಏನೂ ಆಗಿರಲಿಲ್ಲ.”

“ಆಗಿತ್ತು.”

ವಕೀಲ ಕೋಟಿನ ಅಂಚು ಎಳೆದುಕೊಂಡ. ಇಲಿ ಬೋನಿಗೆ ಬಿತ್ತು ಎಂಬ ಸಂತೋಷ ಮುಖದಲ್ಲಿ. “ಹಾಗಾದ್ರೆ ನೀವೇ ಹೇಳಿ. ಅವತ್ತು ಸುಳ್ಳು ಹೇಳಿದ್ರಾ, ಇವತ್ತು ಹೇಳ್ತಿದ್ದೀರಾ?”

ವಕೀಲಮ್ಮ ಮೇಜಿನ ಹಿಂದೆ ಕೂತು ಹಣೆ ಮುಟ್ಟಿಕೊಂಡಳು. ತಲೆ ತಿರುಗಿದ್ದು ಹೇಳಿ, ತಲೆ ತಿರುಗಿದ್ದು ಎಂಬ ಸನ್ನೆ. ಸೀಲಿಂಗಕ್ಕ ಅದನ್ನು ಕಂಡಳು. ಬಾಯಿ ತೆರೆದರೆ ಆ ಮಾತು ಸಲೀಸಾಗಿ ಬರುತ್ತಿತ್ತು.

“ಎರಡೂ ಅಲ್ಲ ಸ್ವಾಮಿ. ಅವತ್ತು ನಾನು ನನ್ನ ಕುತ್ತಿಗೆ ಸಮಾಚಾರ ಹೇಳ್ತಿರ್ಲಿಲ್ಲ. ಈ ಯಜಮಾನ್ರ ಎದೆಗೆ ಹೇಳ್ತಿದ್ದೆ. ಕೈ ನಡುಗ್ತಿತ್ತು ಅವರಿಗೆ.”

“ಏನೂ ಆಗಿಲ್ಲ ಅಂದ್ರೆ ಏನೂ ಆಗಿಲ್ಲ ಅಂತಲೇ ಅರ್ಥ ಅಲ್ವಾ?”

“ಏನೂ ಆಗದೇ ಇದ್ದಾಗ ಯಾರಾದ್ರೂ ಹಂಗಂತಾರಾ? ನೀವು ಬೆಳಿಗ್ಗೆ ಮನೆಯಿಂದ ಹೊರಟ್ರಲ್ಲ, ನಿಮ್ಮ ಮನೆಯವರು ‘ಏನೂ ಆಗಿಲ್ಲ’ ಅಂತ ಕಳಿಸಿದ್ರಾ? ಮಗು ಬಿದ್ದು ಮಂಡಿಯಿಂದ ರಕ್ತ ಬಂದಾಗ ಎತ್ಕೊಂಡು ಏನಂತೀವಿ? ‘ಏನೂ ಆಗಿಲ್ಲ ಕಂದಾ’ ಅಂತೀವಿ. ಅಂದ್ಬಿಟ್ಟು ಔಷಧಿ ಹಚ್ಚಲ್ವಾ?”

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ವಕೀಲ ಬಿಡಲಿಲ್ಲ.

“ಅಂದ್ರೆ ನಿಮಗೆ ಪೂರ್ತಿ ಪ್ರಜ್ಞೆ ಇತ್ತು. ಯೋಚಿಸಿಯೇ ಆ ಮಾತು ಹೇಳಿದ್ರಿ.”

“ಇತ್ತು. ಯೋಚಿಸಿಯೇ ಹೇಳಿದೆ.”

ವಕೀಲಮ್ಮನ ಕೈ ಹಣೆಯಿಂದ ಜಾರಿ ಮಡಿಲಿಗೆ ಬಿತ್ತು.

ನ್ಯಾಯಾಧೀಶೆ ಹಿಂದಿನ ಬೆಂಚಿನ ಯಜಮಾನನನ್ನು ಕರೆಸಿ ಕೇಳಿದರು: ಈಕೆ ಆ ಮಾತನ್ನು ನಿಮ್ಮನ್ನು ಸಮಾಧಾನ ಮಾಡಲು ಹೇಳಿದ್ದು ಹೌದೇ?

ಅವನು ಕಂಪನಿಯ ವಕೀಲನ ಮುಖ ನೋಡಿದ. ಆಮೇಲೆ ತನ್ನ ಚಪ್ಪಲಿ ನೋಡಿದ. “ನೆನಪಿಲ್ಲ” ಅಂದ.

“ಥೂ” ಎಂದಿತು ಬೆಂಚು. ಅತ್ತೆಯನ್ನು ಪೇದೆ ಬಂದು ಸುಮ್ಮನಾಗಿಸಿದ.

ಅವಳಿಗೆ ಕೋಪ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಕಟಕಟೆಯ ಮರ ಬಿಗಿಯಾಗಿ ಹಿಡಿದುಕೊಂಡಳು. ಬಿದ್ದವನನ್ನು ಎತ್ತಿದ ಕೈಗೇ ಕಚ್ಚಿದ ಹಾಗಾಯಿತಲ್ಲ ಅನ್ನಿಸಿತು. ಆದರೆ ಅವತ್ತು ಆ ಮಾತು ಆಡಬಾರದಿತ್ತು ಎಂದು ಮಾತ್ರ ಅನ್ನಿಸಲಿಲ್ಲ. ಅದು ಅವನ ಯೋಗ್ಯತೆ ಅಳೆದು ಕೊಟ್ಟ ಮಾತಾಗಿರಲಿಲ್ಲ.

ಆಗ ನ್ಯಾಯಾಧೀಶೆ, “ಆ ವಿಡಿಯೋ ಇನ್ನೊಮ್ಮೆ ಹಾಕಿ. ಸದ್ದು ಬೇಡ” ಅಂದರು.

ಸದ್ದಿಲ್ಲದ ವಿಡಿಯೋ ಓಡಿತು. ರಸ್ತೆಯಂಚಿನಲ್ಲಿ ಕುಸಿದು ಕೂತ ಮುದುಕ. ಬಿಳಿ ಬಣ್ಣದಲ್ಲಿ ಮಿಂದ ಹೆಂಗಸು ಅವನ ಹೆಗಲ ಮೇಲೆ ಬಲಗೈ ಇಟ್ಟಿದ್ದಾಳೆ. ಎಡಗೈ ಅವಳ ಸ್ವಂತ ಕುತ್ತಿಗೆಯ ಹಿಂಭಾಗವನ್ನು ಅವುಚಿ ಹಿಡಿದಿದೆ. ಯಾರೋ ನೀರಿನ ಬಾಟಲಿ ಚಾಚುತ್ತಾರೆ, ಅವಳು ತಲೆ ತಿರುಗಿಸುವುದಿಲ್ಲ, ಇಡೀ ಮೈ ತಿರುಗಿಸುತ್ತಾಳೆ. ಬಾಟಲಿಯನ್ನು ಬಲಗೈಯಲ್ಲೇ ಇಸಿದುಕೊಂಡು ಮುದುಕನಿಗೆ ಕೊಡುತ್ತಾಳೆ. ಎಡಗೈ ಕುತ್ತಿಗೆ ಬಿಡುವುದೇ ಇಲ್ಲ.

ಇದುವರೆಗೆ ಎಲ್ಲರೂ ಅದನ್ನು ಕೇಳಿದ್ದರು, ಯಾರೂ ನೋಡಿರಲಿಲ್ಲ. ವಕೀಲಮ್ಮನೂ ನೋಡಿರಲಿಲ್ಲ. ಸೀಲಿಂಗಕ್ಕನಿಗೂ ಅವತ್ತು ತನ್ನ ಎಡಗೈ ಎಲ್ಲಿತ್ತೆಂದು ಗೊತ್ತಿರಲಿಲ್ಲ.

ನ್ಯಾಯಾಧೀಶೆ ಕನ್ನಡಕ ತೆಗೆದರು. “ಒಂದು ಕೇಳ್ತೀನಮ್ಮ. ಆ ಮಾತಿನಿಂದ ಇಷ್ಟೆಲ್ಲ ಕಷ್ಟಪಟ್ರಿ. ನಾಳೆ ಇನ್ಯಾರಾದರೂ ಹೀಗೇ ಗುದ್ದಿ, ನಡುಗ್ತಾ ಕೂತ್ರೆ ಏನಂತೀರಿ?”

“ಅದೇ ಅಂತೀನಿ ಅಮ್ಮಾ” ಅಂದಳು ಅವಳು. “ಆಮೇಲೆ ಕೇಸೂ ಹಾಕ್ತೀನಿ.”

ಈ ಸಲ ಪೇದೆಯೂ ನಕ್ಕ.

ತೀರ್ಪು ಬರಲು ಇನ್ನಷ್ಟು ಕಾಲ ಹಿಡಿಯಿತು. ಆ ದಿನ ಅತ್ತೆಗೆ ಮಂಡಿ ನೋವು, ಮನೆಯಲ್ಲೇ ಉಳಿದಳು. ಗಾಯವಾದದ್ದು ನಿಜ, ಅದು ಆ ಡಿಕ್ಕಿಯಿಂದಲೇ ಆದದ್ದು, ಇನ್ನೊಬ್ಬರ ಭಯ ನೀಗಿಸಲು ಆಡಿದ ಮಾತನ್ನು ಆಡಿದವರ ವಿರುದ್ಧವೇ ಸಾಕ್ಷಿಯಾಗಿ ತಿರುಗಿಸುವುದು ಸಲ್ಲದು ಎಂದು ನ್ಯಾಯಾಧೀಶೆ ಓದಿದರು. ಚಿಕಿತ್ಸೆಯ ಖರ್ಚು, ಹೋದ ಕೂಲಿ, ಮುಂದೆ ಬಾರದ ಸೀಲಿಂಗ್ ಕೆಲಸದ ಬಾಬ್ತು ಎಲ್ಲ ಸೇರಿಸಿ ಕೊಡಬೇಕೆಂದರು. ಕೇಳಿದ್ದಕ್ಕಿಂತ ಕಡಿಮೆಯೇ. ಕಂಪನಿಯವರು ಮೇಲಿನ ಕೋರ್ಟಿಗೆ ಹೋಗುತ್ತೇವೆ ಎಂದು ಗುಡುಗಿದರು, ಹೋಗಲಿಲ್ಲ.

ವಕೀಲಮ್ಮ ಮೆಟ್ಟಿಲ ಮೇಲೆ ಅವಳನ್ನು ತಡೆದು ನಿಲ್ಲಿಸಿದಳು. “ಅಕ್ಕಾ, ನಾನು ಹೇಳ್ಕೊಟ್ಟ ಹಾಗೆ ಹೇಳಿದ್ರೆ...” ಎಂದು ಶುರುಮಾಡಿ, ಅರ್ಧಕ್ಕೇ ನಕ್ಕುಬಿಟ್ಟಳು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಲು ಚಾಚಿ ಕೂತಿದ್ದಳು.

“ಏನು ಬಂತೇ?”

“ನಟನೆ ಅಲ್ಲ, ನಿಜ ಅಂತ ಬಂತು ಅತ್ತೆ.”

“ಅದು ನನಗೂ ಗೊತ್ತಿತ್ತು, ಕೋರ್ಟೇನು ಹೇಳೋದು? ದುಡ್ಡು ಎಷ್ಟು?”

ಸೊಸೆ ಹೇಳಿದಳು. ಅತ್ತೆ ಗೋಡೆ ಹಿಡಿದು, ಮಂಡಿ ಬೈದುಕೊಂಡು ಎದ್ದಳು.

“ಎಲ್ಲಿಗೆ ಹೊರಟ್ರಿ ಈ ಕಾಲಲ್ಲಿ? ಕೂತ್ಕೊಳ್ಳಿ.”

“ಬೀದೀಲಿ ನಾಲ್ಕು ಮನೆಯವರು ನಿಂದು ನಟನೆ ಅಂದಿದ್ರು. ಒಂದೊಂದು ಮನೇದೂ ಲೆಕ್ಕ ಇದೆ ನನ್ನ ಹತ್ರ” ಎಂದು ಅತ್ತೆ ಚಪ್ಪಲಿ ಮೆಟ್ಟಿದಳು. “ನೀನೂ ಬಾ. ನಾನು ಬಾಗಿಲು ತಟ್ತೀನಿ. ನೀನು ಮಾತಾಡ್ಬೇಡ, ಸುಮ್ನೆ ಪಕ್ಕದಲ್ಲಿ ನಿಂತ್ಕೋ. ಸಾಕು.”