ಸುಲೋಚನಕ್ಕನ ಚೀಟಿ ಡಬ್ಬಿ

ಅಂಗಳದ ಮೂಲೆಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಬಂಗುಡೆ ಕೊಯ್ಯುತ್ತಿದ್ದೆ. ಒಳ್ಳೆಯ ಹೊಸ ಮೀನು, ಕಿವಿರು ಕೆಂಪಗಿತ್ತು. ಬೆಳಿಗ್ಗೆ ಎದ್ದವರಿಗೆ ಇಷ್ಟು ಸಿಕ್ಕಿದರೆ ಅದೂ ದೇವರ ದಯೆಯೇ. ಆಗ ಜಗಲಿಯ ಮೇಲಿದ್ದ ಮೊಬೈಲು ಹೊಡೆದುಕೊಂಡಿತು. ಕೈಯೆಲ್ಲ ಲೋಳೆ. ಕಿರುಬೆರಳಿನ ಗೆಣ್ಣಿನಿಂದ ಗುಂಡಿ ಒತ್ತಿ, ಕಿವಿಯನ್ನೇ ಅದರ ಹತ್ತಿರ ಒಯ್ದೆ. ಬೈಂದೂರಿನಿಂದ ಮಗಳು ಶಾರದೆ.

"ಅಮ್ಮ, ಸುಲೋಚನಕ್ಕ ಹೋದ್ರಂಬ್ರ್. ನಿನ್ನೆ. ಕೊಕ್ಕರ್ಣೆಯಲ್ಲಿ, ಅವ್ರ ಅಣ್ಣನ ಮನೆಯಲ್ಲೇ. ಎಲ್ಲ ಮುಗ್ದಿತಂಬ್ರ್."

ಹೋಗಿ ಮುಖ ನೋಡುವ ಹಾಗೂ ಇಲ್ಲ. "ಹೌದಾ?" ಎಂದೆ. ಜಗಲಿಯ ಅಂಚಿಗೆ ಕೂತೆ.

ಸುಲೋಚನಕ್ಕ ನಮ್ಮೂರ ಪಂಚಾಯತಿ ಲೈಬ್ರೆರಿಯನ್ನು ನೋಡಿಕೊಳ್ಳುತ್ತಿದ್ದವರು. ಕೋಟೇಶ್ವರದಿಂದ ಸಮುದ್ರದ ಕಡೆಗೆ ಬರುವ ದಾರಿಯಲ್ಲಿ ಒಂದೇ ಕೋಣೆ, ಮುಂದೆ ಒಂದು ಚಾವಡಿ. ಅವರನ್ನು ನೆನೆದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಅವರು ಪ್ರಶ್ನೆ ಕೇಳಿ ಸುಮ್ಮನಾಗುವ ಬಗೆ. "ಎಂತ ಬೇಕ್ ನಿಂಗೆ?" ಎಂದು ಕೇಳುವರು. ಆಮೇಲೆ ತುಟಿ ಬಿಗಿದು ಕೂತುಬಿಡುವರು. ಕೈಯಲ್ಲಿ ಒಂದು ಬಾಳೆನಾರು ಇರುತ್ತಿತ್ತು. ಅಬ್ಬಲಿಗೆ ಹೂ ಕಟ್ಟಿ ಉಳಿದ ನಾರನ್ನು ಅವರು ಒಣಗಿಸಿ, ಚಪ್ಪಟೆ ಮಾಡಿ, ಓದಿದ ಪುಟದ ಗುರುತಿಗೆಂದು ಪುಸ್ತಕದೊಳಗೆ ಇಡುವರು. ಆ ನಾರನ್ನು ಉಗುರಿನಿಂದ ಸವರುತ್ತ ಉತ್ತರಕ್ಕೆ ಕಾಯುವರು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಪ್ರಶ್ನೆ ಹಾಕಿದವರು ಉತ್ತರವನ್ನೂ ತಾವೇ ಹೇಳಿ ಮುಗಿಸುವುದು ರೂಢಿ. ಹದಿನಾಲ್ಕು, ಹದಿನೈದರ ಮಕ್ಕಳ ಹತ್ತಿರವಂತೂ ಯಾರೂ ಏನನ್ನೂ ಕೇಳುವುದಿಲ್ಲ, ಹೇಳುವುದೇ. ಅಂಥಲ್ಲಿ ಇವರೊಬ್ಬರು ಕಾಯುತ್ತಿದ್ದರು.

ಎದುರಿಗೆ ನಿಂತು ಹೇಳಲು ನಾಚುವ ಮಕ್ಕಳಿಗೆಂದು ಅವರು ಒಂದು ಬಿಸ್ಕೇಟಿನ ತಗಡು ಡಬ್ಬಿಯ ಮುಚ್ಚಳ ಸೀಳಿ, ಬಾಗಿಲ ಹತ್ತಿರ ಸ್ಟೂಲಿನ ಮೇಲಿಟ್ಟರು. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನವರು ಲೈಬ್ರೆರಿಯಲ್ಲಿ ತಮಗೆ ಏನು ಬೇಕು, ಏನು ಬೇಡ ಎಂದು ಚೀಟಿ ಬರೆದು ಹಾಕಬೇಕು. ಹೆಸರು ಮಾತ್ರ ಬರೆಯಬಾರದು. ಶನಿವಾರ ಅವರು ಚೀಟಿಗಳನ್ನು ತೆಗೆದು, ಚಾವಡಿಯ ಕರಿಹಲಗೆಯಲ್ಲಿ ಒಂದು ಬದಿಗೆ 'ಕೇಳಿದ್ದು', ಇನ್ನೊಂದು ಬದಿಗೆ 'ಆದದ್ದು' ಎಂದು ಬರೆಯುವರು. ಆಗದಿದ್ದರೆ 'ಆಗುವುದಿಲ್ಲ' ಎಂದೇ ಬರೆಯುವರು, ಮುಚ್ಚುಮರೆಯಿಲ್ಲ.

ಈ ಡಬ್ಬಿಯಿಂದ ನನ್ನ ಮಾನ ಹೋದದ್ದೂ ಉಂಟು. ಶಾರದೆ ಆಗ ಒಂಬತ್ತನೇ ಕ್ಲಾಸು, ಲೆಕ್ಕದಲ್ಲಿ ಹಿಂದೆ. ನವರಾತ್ರಿಯ ಒಂದು ದಿನ ಅವಳನ್ನು ಕರೆಯಲು ಹೋದವಳು ನೋಡುತ್ತೇನೆ, ಗೋಡೆಯಲ್ಲಿ ಸರಸ್ವತಿಯ ಪಟ, ಪಟಕ್ಕೆ ಹೂ, ಕೆಳಗೆ ಸೀಳಿದ ಮುಚ್ಚಳದ ಡಬ್ಬಿ. ಕಾಣಿಕೆ ಡಬ್ಬಿಯೆಂದೇ ತಿಳಿದೆ. ಸೆರಗಿನ ಅಂಚು ಚೂರು ಹರಿದು, ನಾಣ್ಯ ಕಟ್ಟಿ, ಮಗಳು ಪಾಸಾಗಲಿ ಎಂದು ಮುಡಿಪು ಹಾಕಿ ಅಡ್ಡಬಿದ್ದು ಬಂದೆ. ಶನಿವಾರ ಸುಲೋಚನಕ್ಕ ಮನೆ ಬಾಗಿಲಿಗೆ ಬಂದರು.

"ಹೆಣೆ, ಈ ಅಂಚ್ ನಿನ್ ಸೀರೆದಲ್ದಾ? ಮಕ್ಳ್ ನೆಗಾಡಿ ನೆಗಾಡಿ ಸಾಕಾಯ್ತ್. ಇದ್ ದೇವಸ್ಥಾನಕ್ಕೇ ಹಾಕ್. ನೀನ್ ದೇವ್ರ ಹತ್ರ ಕೇಂಬುದ್, ನಾನ್ ಮಕ್ಳ ಹತ್ರ ಕೇಂಬುದ್, ಅಷ್ಟೇ."

ನಾಚಿಕೆಗೆ ಮಾತು ತಿರುಗಿಸಿದೆ. "ಮಕ್ಳ್ ಬರ್ದದ್ದೆಲ್ಲ ಮಾಡುಕಾತ್ತಾ ಅಕ್ಕ?"

"ನೀನ್ ಬೇಡ್ದದ್ದೆಲ್ಲ ಆಯ್ತಾ? ಆಯ್ಲಿಲ್ಲೆ ಅಂದೇಳಿ ಬೇಡುದ್ ಬಿಟ್ಯಾ?"

ಅವರ ಮಾತೇ ಹಾಗೆ, ನಯ ಮಾಡಿ ಹೇಳಿ ಗೊತ್ತಿಲ್ಲ.

ಮೊದಮೊದಲು ಬಂದ ಚೀಟಿಗಳಲ್ಲಿ ಐದಾರು ಒಂದೇ ವಿಷಯದವು: ಬಾಗಿಲಲ್ಲೇ ಬೆಂಚು ಹಾಕಿ, ಕಾಲು ಚಾಚಿ ಗಂಡಸರು ಪೇಪರು ಓದುತ್ತಾರೆ, ಹೆಣ್ಣುಮಕ್ಕಳು ಆ ಕಾಲು ದಾಟಿ ಒಳಗೆ ಹೋಗುವುದು ಹೇಗೆ? ಸುಲೋಚನಕ್ಕ ಮರುದಿನವೇ ಬೆಂಚನ್ನು ಎಳೆದು ಚಾವಡಿಯ ಆ ತುದಿಗೆ ಹಾಕಿದರು. ಪೇಪರಿನ ಯಜಮಾನರಂತಿದ್ದ ಸಂಜೀವಣ್ಣನಿಗೆ ಸಿಟ್ಟು ಬಂತು.

"ಹ್ವಾಯ್, ಮೀಸೆ ಬಾರದ್ ಮಕ್ಳ್ ಹೇಳ್ದಂಗೆ ಲೈಬ್ರೆರಿ ನಡ್ಸುದಾ? ನಾಳೆ ಐಸ್‌ಕ್ಯಾಂಡಿ ಬೇಕ್ ಅಂದ್ರೆ ಕೊಡ್ತ್ರ್ಯಾ?"

"ಅದೂ ಬರ್ದಿದ್ರ್ ಸಂಜೀವಣ್ಣ, ಮೂರ್ ಚೀಟಿ ಇತ್ತ್. ಆತಿಲ್ಲೆ ಅಂದೇಳಿ ಹಲಗೆಯಲ್ಲಿ ಬರ್ದೆ. ಬೆಂಚಿಂದ್ ಆತ್ತ್, ಮಾಡ್ದೆ. ಕಾಲ್ ಚಾಚುಕೆ ನಿಮ್ಗೆ ಇಲ್ಲೇ ಜಾಗ ಜಾಸ್ತಿ, ಕಾಣಿ."

ಸಂಜೀವಣ್ಣ ನಾಲ್ಕು ದಿನ ಮುನಿಸಿಕೊಂಡು ಐದನೆಯ ದಿನ ಅಲ್ಲೇ ಕಾಲು ಚಾಚಿದರು.

ಅಷ್ಟು ಹೊತ್ತಿಗೆ ನನ್ನ ಶಾರದೆ ಲೈಬ್ರೆರಿಗೆ ಹೋಗುವುದನ್ನು ಬಿಟ್ಟಳು. ಪುಸ್ತಕವೆಂದರೆ ಊಟ ಮರೆಯುವ ಹುಡುಗಿ ಶಾಲೆಯಿಂದ ನೇರ ಮನೆಗೆ ಬಂದು ಮೂಲೆ ಹಿಡಿಯತೊಡಗಿದಳು. ಕೇಳಿದರೆ "ಎಂತ ಇಲ್ಲೆ." ಅವಳ ಅಪ್ಪ ಬೋಟಿಗೆ ಹೋಗುವವರು, ಮನೆಯಲ್ಲಿ ದಿನಾ ಮೀನಿನ ಕೆಲಸ. ಇನ್ನೊಂದು ಕೈ ಸಿಕ್ಕಿತಲ್ಲ ಎಂದು ನಾನು ಸುಮ್ಮನಾದೆ. ಅದನ್ನೂ ದೇವರ ದಯೆಯ ಲೆಕ್ಕಕ್ಕೇ ಸೇರಿಸಿದೆನಲ್ಲ, ಅದು ನನ್ನ ತಪ್ಪು.

ಒಂದು ವಾರ ಕಳೆದಿರಬೇಕು. ಸುಲೋಚನಕ್ಕ ಒಂದು ತೆಂಗಿನ ಚಿಪ್ಪು ಹಿಡಿದು ಅಂಗಳಕ್ಕೆ ಬಂದರು.

"ಹುಣ್ಸೆಹುಳಿ ಕಿವ್ಚಿ ಚರಟ ಎಸೀತೆಯಲ್ಲ, ಅದ್ ನಂಗೆ ಬೇಕ್."

"ಎಂತಕ್ಕೆ ಅಕ್ಕ? ಪುಸ್ತಕದ್ ಸಾರ್ ಮಾಡ್ತ್ರ್ಯಾ?"

"ಕೈ ತೊಳುಕೆ. ದಿನಾ ನಾಲ್ಕೂವರೆಗೆ ನೀನೇ ತಕಂಡ್ ಬಾ. ಮಕ್ಳ ಕೈಯಲ್ಲಿ ಕಳ್ಸ್‌ಬೇಡ, ದಾರಿಯಲ್ಲಿ ಚೆಲ್ತ್ರ್."

ನನಗೆ ಮನೆಯಲ್ಲಿ ಕೆಲಸವಿಲ್ಲವೇ ಎಂದು ಗೊಣಗುತ್ತಲೇ ಹೋದೆ. ಚಾವಡಿಯಲ್ಲಿ ಒಂದು ಕೊಡ ನೀರು, ಚೆಂಬು, ಪಕ್ಕದಲ್ಲಿ ನನ್ನ ಹುಣಿಸೆ ಚರಟ. ಮೀನು ಕೊಯ್ದ ಕೈಯ ವಾಸನೆ ಸಾಬೂನಿಗೆ ಹೋಗದಿದ್ದರೂ ಹುಣಿಸೆಗೆ ಹೋಗುತ್ತದೆ, ನಮಗೆಲ್ಲ ಗೊತ್ತಿದ್ದದ್ದೇ. ಹಲಗೆಯಲ್ಲಿ ಬರೆದಿದ್ದರು: 'ಕೇಳಿದ್ದು: ಕೈ ಮೀನು ವಾಸನೆ ಬರುತ್ತದೆ, ಪುಸ್ತಕ ಮುಟ್ಟಲು ನಾಚಿಕೆ. ಆದದ್ದು: ಇನ್ನು ಎಲ್ಲರೂ ಹುಳಿ ಹಾಕಿ ಕೈ ತೊಳೆದೇ ಒಳಗೆ ಬರುವುದು.' ಓದಿ, ನನ್ನ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಮೊದಲು ಸುಲೋಚನಕ್ಕನೇ ಕೈಗೆ ಹುಳಿ ಉಜ್ಜಿ ತೊಳೆದುಕೊಂಡರು. ಆಮೇಲೆ ಅಂಗಡಿಯವರ ಮಗ, ಆಮೇಲೆ ನಮ್ಮ ಕೇರಿಯ ಮಕ್ಕಳು. ಭಟ್ಟರ ಮಗಳು ಹಿಂದೆ ಸರಿದಳು.

"ನನ್ ಕೈ ಎಂತ ವಾಸ್ನೆ ಇಲ್ಲೆ ಅಕ್ಕ."

"ನಂದೂ ಇಲ್ಲೆ. ಆದ್ರೂ ತೊಳ್ಕಂಡೆ, ಕಾಣ್. ಹುಳಿ ಹಾಕಿ ತೊಳೆದ್ರೆ ಎಲ್ಲರ್ ಕೈಯೂ ಒಂದೇ ವಾಸ್ನೆ."

ಅವಳೂ ತೊಳೆದಳು. ಯಾರ ಕೈ ಯಾವ ಮನೆಯದೆಂದು ಅಲ್ಲಿ ಆಮೇಲೆ ಯಾರೂ ಮೂಸಿ ನೋಡಲಿಲ್ಲ. ಮೂರನೆಯ ದಿನ ಶಾರದೆ ನನ್ನ ಹಿಂದೆ ಹಿಂದೆಯೇ ಬಂದು ಕೊಡದ ಹತ್ತಿರ ನಿಂತಳು. ಆ ದಿನ ನಾನು ದೇವರಿಗೆ ಕೈ ಮುಗಿದದ್ದು ಲೆಕ್ಕದ ಪಾಸಿಗಲ್ಲ.

ಮರುದಿನ ಚರಟ ಕೊಟ್ಟು ಹೊರಟ ನನ್ನನ್ನು ಸುಲೋಚನಕ್ಕ ತಡೆದರು. "ಕೂಕೋ. ಈ ಪುಸ್ತಕ ಹೊಲ್ದ್ ಕೊಡ್, ನಂಗೆ ಕಣ್ ಕಾಂತಿಲ್ಲೆ." ಎರಡು ದಿನ ಹರಿದ ಪುಸ್ತಕಗಳಿಗೆ ದಾರ ಹಾಕಿದೆ. ಮೂರನೆಯ ದಿನ ಕೇಳಿದರು, "ಎಂತ ಓದ್ತೆ?" ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. "ನಂಗೆಂತ ಓದುಕೆ ಅಕ್ಕ" ಎಂದೆ. ಅವರು ತುಟಿ ಬಿಗಿದು ಬಾಳೆನಾರು ಸವರುತ್ತ ಕೂತರು. ಹೊರಗೆ ಸಂಜೀವಣ್ಣ ಪೇಪರು ಮಗುಚುವ ಸದ್ದು ಕೇಳಿತು. ಕೊನೆಗೆ ನಾನೇ ಸೋತು, "ದೇವ್ರ ಕಥೆ ಇದ್ರೆ ಕೊಡಿ, ದೊಡ್ಡ ಅಕ್ಷರದ್ದ್" ಎಂದೆ. ಕೊಟ್ಟರು. ಓದಿದಲ್ಲಿ ಇಡಲು ಒಂದು ನಾರನ್ನೂ ಕೊಟ್ಟರು. ಶಾರದೆಯ ಪಿಯುಸಿ ಮುಗಿಯುವವರೆಗೆ ಅಮ್ಮ ಮಗಳು ಒಂದೇ ಚಿಮಣಿ ದೀಪದ ಬೆಳಕಿನಲ್ಲಿ ಎರಡು ಪುಸ್ತಕ ಓದಿದ್ದೇವೆ. ಕರೆಂಟು ಹೋದ ಸಂಜೆಗಳನ್ನೂ ನಾನು ಬೈದುಕೊಳ್ಳಲಿಲ್ಲ.

ನಾನು ಪುಸ್ತಕ ಒಯ್ದ ವಾರ ಆ ಹಲಗೆಯಲ್ಲಿ ಇನ್ನೊಂದು ಸಾಲೂ ಇತ್ತು. 'ಕೇಳಿದ್ದು' ಎಂಬಲ್ಲಿ ಖಾಲಿ, 'ಆದದ್ದು' ಎಂಬಲ್ಲಿ 'ಆಯಿತು' ಎಂದಷ್ಟೇ. ಅದೇನೆಂದು ಕೇಳಿದ್ದಕ್ಕೆ, "ಅದ್ ಬರೆಯುಕಿಲ್ಲೆ. ಆಯ್ತಲ್ಲ, ಸಾಕ್" ಎಂದಿದ್ದರು.

ನನಗೆ ಒಂದು ಮುಳ್ಳು ಮಾತ್ರ ಉಳಿದಿತ್ತು. ಕೈ ವಾಸನೆಯ ಚೀಟಿ ಶಾರದೆಯದೇ ಎಂದು ಮನಸ್ಸು ಹೇಳುತ್ತಿತ್ತು. ಹಾಗಾದರೆ ನನ್ನ ಮಗಳಿಗೆ ನಮ್ಮ ಮನೆಯ ಕೆಲಸವೇ, ನಾನೇ ನಾಚಿಕೆಯಾದೆನೇ? ಅವಳನ್ನು ಕೇಳಲು ಧೈರ್ಯ ಬರಲಿಲ್ಲ. ಸುಲೋಚನಕ್ಕ ನಿವೃತ್ತರಾಗಿ ಕೊಕ್ಕರ್ಣೆಗೆ ಹೋದ ಎಷ್ಟೋ ವರ್ಷದ ಮೇಲೆ ಕೋಟೇಶ್ವರದ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ತುಂಬಾ ಸೊರಗಿದ್ದರು. ಕೈ ಹಿಡಿದು ಕೇಳಿಯೇಬಿಟ್ಟೆ. "ಅಕ್ಕ, ಆ ಚೀಟಿ ನಮ್ ಶಾರದೆದಲ್ದಾ?"

"ಡಬ್ಬಿಯಲ್ಲಿ ಹೆಸ್ರಿಲ್ಲೆ ಹೆಣೆ. ಅವ್ಳ ಹತ್ರವೇ ಕೇಣ್. ಕೇಂಡ್ ಸುಮ್ನೆ ಕೂಕೋ."

ಬಸ್ಸು ಬಂತು, ಹತ್ತಿದರು. ಅದೇ ಕೊನೆ.

ಕಿವಿಯ ಹತ್ತಿರ ಮೊಬೈಲಿನಲ್ಲಿ ಶಾರದೆ "ಅಮ್ಮ, ಇದ್ಯಾ?" ಎನ್ನುತ್ತಿದ್ದಳು. ಆಗ ಕೇಳಿದೆ. "ಮಗಾ, ಕೈ ವಾಸ್ನೆ ಚೀಟಿ ನೀನ್ ಬರ್ದದ್ದಾ?" ಕೇಳಿ, ತುಟಿ ಬಿಗಿದು ಕೂತೆ. ನೊಣ ಮೀನಿನ ಮೇಲೆ ಕೂತಿತು, ಓಡಿಸಲಿಲ್ಲ.

"ಹೌದ್ ಅಮ್ಮ" ಎಂದಳು, ಎಷ್ಟೋ ಹೊತ್ತಿಗೆ. "ಒಬ್ಳ್ ಮೂಗ್ ಮುಚ್ಕಂಡಿದ್ಲ್. ನಾಚ್ಕೆ ಆಯ್ತ್. ಆದ್ರೆ ನಿನ್ ಮೇಲೆ ಅಲ್ಲ. ಆ ದಿನ ನಾನ್ ಎರಡ್ ಚೀಟಿ ಹಾಕಿದ್ದೆ."

"ಇನ್ನೊಂದ್ ಎಂತ?"

"ನಮ್ ಅಮ್ಮ ಸಾಮಾನ್ ಕಟ್ಟಿದ್ ಪೇಪರನ್ನೂ ಬಿಡ್ಸಿ ಓದ್ತ್ರ್. ಅವ್ರನ್ ಇಲ್ಲಿಗೆ ಯಾರೂ ಕರೀಲಿಲ್ಲೆ. ಹ್ಯಾಂಗಾರೂ ಮಾಡಿ ಕರೀನಿ ಅಂತ. ನನ್ ಅಕ್ಷರ ಅವ್ರಿಗ್ ಗೊತ್ತಿತ್ತ್."

ದಿನಾ ನಾಲ್ಕೂವರೆಗೆ ನೀನೇ ತಕಂಡ್ ಬಾ ಎಂದದ್ದು ಅದಕ್ಕೆ. ಹಲಗೆಯ ಖಾಲಿ ಸಾಲು ನಾನು.

ಫೋನು ಇಟ್ಟ ಮೇಲೆ ಮೀನನ್ನು ಮೂರು ನೀರಿನಲ್ಲಿ ತೊಳೆದು, ಉಪ್ಪು ಸವರಿ ಮುಚ್ಚಿಟ್ಟೆ. ನೆನೆಹಾಕಿದ್ದ ಹುಣಿಸೆಯನ್ನು ಕಿವುಚಿ ರಸ ತೆಗೆದೆ. ಚರಟವನ್ನು ಕೈಗೆ, ಉಗುರಿನ ಸಂದಿಗೆಲ್ಲ ಉಜ್ಜಿ ತೊಳೆದುಕೊಂಡೆ. ಆಮೇಲೆ ಮಸಾಲೆ ಕಡೆಯಲು ಕೂತೆ.